ಪಣವಿಲ್ಲದ ಪಂದ್ಯ

ಹಗುರವಾದ ಪುಸ್ತಕವೊಂದನ್ನು ಓದಿ ನಿರಾಶೆಪಡುವ ಹಕ್ಕು ಓದುಗನಿಗೆ ಉಂಟೆ? ಮೇಲ್ನೋಟಕ್ಕೆ ಇದು ಹಾಸ್ಯಾಸ್ಪದ ಪ್ರಶ್ನೆ. ಘನವಾದ ಗ್ರಂಥವೆಂದು ನಂಬಿ ಕೈಗೆತ್ತಿಕೊಂಡದ್ದು ಟೊಳ್ಳೆಂದು ತಿಳಿದಾಗ ಮನಸ್ಸಿಗೆ ಬೇಸರವಾಗುವುದು ಸಹಜ. ಆದರೆ ಹೊತ್ತು ಕಳೆಯಲೆಂದೇ ಬರೆದ, ಹೊತ್ತು ಕಳೆಯಲೆಂದೇ ಕೊಂಡ ಪುಸ್ತಕ ತನ್ನ ಕೆಲಸ ಮಾಡಿ ಮುಗಿಸಿದ ಮೇಲೆ ಅದರ ಮೇಲೆ ದೂರು ಹೇಳುವುದು, ಮಂಡಕ್ಕಿ ತಿಂದು ಹೊಟ್ಟೆ ತುಂಬಲಿಲ್ಲವೆಂದು ಗೊಣಗಿದಂತೆ ಎಂದು ಮಿತ್ರರು ನಗುತ್ತಾರೆ. ಆ ನಗೆಯಲ್ಲಿ ನಾವೂ ಸೇರಿಕೊಂಡೆವು. ಆದರೂ ನಿರಾಶೆ ಮಾತ್ರ ಹೋಗಲಿಲ್ಲ. ಅದರ ಬೇರು ಎಲ್ಲಿದೆಯೆಂದು ಹುಡುಕುತ್ತ ಹೊರಟಾಗ, ಆ ಬೇರು ಪುಸ್ತಕದಂಗಡಿಯಿಂದ ಹೊರಟು, ಆಟದ ಮೈದಾನವನ್ನು ಹಾದು, ನಮ್ಮ ನಮ್ಮ ಮನೆಗಳ ಹಜಾರದವರೆಗೂ ಬಂದಿತ್ತು. ಆ ಹಾದಿಯನ್ನೇ ಇಲ್ಲಿ ಓದುಗ ಬಂಧುಗಳ ಮುಂದೆ ಇಡಬೇಕೆಂದಿದ್ದೇವೆ.

ಪುಸ್ತಕ ಯಾವ ಜಾತಿಯದು ಎಂಬುದನ್ನು ಮೊದಲು ಹೇಳಬೇಕು. ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿರುವ ಅನೇಕ ಕನ್ನಡ ಮನೆಗಳಲ್ಲಿ ಇಂಥ ಪುಸ್ತಕ ಒಂದಾದರೂ ಸಿಕ್ಕೀತು. ಇಂಗ್ಲಿಷಿನದು, ಬಣ್ಣಬಣ್ಣದ ರಕ್ಷಾಪುಟದ್ದು. ದೊಡ್ಡ ಅಂಗಡಿಗಳಲ್ಲಿ ಇದರ ಸಾಲೇ ಬೇರೆ ಇರುತ್ತದೆ. ದರಿಯಾಗಂಜಿನ ಕಾಲುದಾರಿಯಿಂದ 2019ರಲ್ಲಿ ಮಹಿಳಾ ಹಾಟ್‌ಗೆ ಎತ್ತಂಗಡಿಯಾದ ಭಾನುವಾರದ ಹಳೇ ಪುಸ್ತಕದ ಸಂತೆಯಲ್ಲೂ ಇವಕ್ಕೆ ಗಿರಾಕಿಗಳಿದ್ದಾರೆ. ಈ ಕಥೆಗಳ ಎಲುಬಿನ ಗೂಡು ಹೆಚ್ಚುಕಡಿಮೆ ಒಂದೇ. ಕಾಲೇಜಿನಲ್ಲಿ ಹೆಸರುವಾಸಿಯಾದ ಒಬ್ಬ ಆಟಗಾರ. ಮಂಜಿನ ಮೇಲೆ ಹಾಕಿ ಆಡುವವನೋ, ಫುಟ್ಬಾಲ್ ಆಡುವವನೋ. ಓದಿನಲ್ಲಿ ಮುಂದಿರುವ, ಜನರ ನಡುವೆ ಸಂಕೋಚಪಡುವ ಒಬ್ಬ ಹುಡುಗಿ. ಇಬ್ಬರಿಗೂ ಒಂದೊಂದು ಪುಟ್ಟ ಅಗತ್ಯ. ತಾನು ನೆಲೆ ನಿಂತವನೆಂದು ತರಬೇತುದಾರನಿಗೆ ತೋರಿಸಬೇಕು ಅವನಿಗೆ. ಮತ್ತೊಬ್ಬನ ಕಣ್ಣಿಗೆ ಬೀಳಬೇಕು ಅವಳಿಗೆ. ಆದ್ದರಿಂದ ಋತು ಮುಗಿಯುವವರೆಗೆ ತಾವು ಪ್ರೇಮಿಗಳೆಂದು ಊರ ಮುಂದೆ ನಟಿಸುವುದಾಗಿ ಇಬ್ಬರೂ ಒಪ್ಪಂದ ಮಾಡಿಕೊಳ್ಳುತ್ತಾರೆ. ನಟನೆ ನಿಜವಾಗುತ್ತದೆ. ಕೊನೆಗೆ ಮೂರು ಅಧ್ಯಾಯ ಬಾಕಿ ಇರುವಾಗ ಒಂದು ತಪ್ಪು ತಿಳಿವಳಿಕೆ ಹುಟ್ಟಿ, ಎರಡು ಅಧ್ಯಾಯ ಬಾಕಿ ಇರುವಾಗ ತೀರುತ್ತದೆ. ಕೊನೆಯ ಅಧ್ಯಾಯದಲ್ಲಿ ಪಂದ್ಯವೂ ಗೆಲ್ಲುತ್ತದೆ, ಪ್ರೇಮವೂ ಗೆಲ್ಲುತ್ತದೆ.

ಈ ಚೌಕಟ್ಟೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಜೆನ್ನಿ ಹಾನ್ ಎಂಬ ಲೇಖಕಿ 2014ರಲ್ಲಿ ಪ್ರಕಟಿಸಿದ, 2018ರಲ್ಲಿ ಚಲನಚಿತ್ರವೂ ಆದ ಕಾದಂಬರಿಯಲ್ಲಿ ಕಥಾನಾಯಕಿ ಒಬ್ಬ ಆಟಗಾರ ಹುಡುಗನೊಡನೆ ಇಂಥದೇ ಒಪ್ಪಂದ ಮಾಡಿಕೊಳ್ಳುತ್ತಾಳೆ. ಆದರೆ ಅಲ್ಲಿ ಅವಳ ಸೋಗಿನ ಹಿಂದೆ ಅಕ್ಕನ ವಿಷಯವಿದೆ. ಅಕ್ಕನ ಹಿಂದಿನ ಪ್ರಿಯನ ಮೇಲೆ ತನಗಿದ್ದ ಒಲವನ್ನು ಮುಚ್ಚಿಡಲು ಅವಳು ಈ ಆಟ ಹೂಡುತ್ತಾಳೆ. ಗುಟ್ಟು ಒಡೆದರೆ ತಾಯಿಯಿಲ್ಲದ ಆ ಮನೆಯಲ್ಲಿ ಅಕ್ಕತಂಗಿಯರ ನಂಟಿಗೇ ಪೆಟ್ಟು. ಕಥೆ ಹಗುರ, ಒಳಗಿನ ಭಯ ಹಗುರವಲ್ಲ. ನಮಗೆ ನಿರಾಶೆ ತಂದ ಪುಸ್ತಕದಲ್ಲಿ ಈ ಭಯವೇ ಇರಲಿಲ್ಲ. ಅದರ ಹೆಸರು ಹೇಳುವ ಅಗತ್ಯ ಕಾಣುವುದಿಲ್ಲ, ಏಕೆಂದರೆ ಅದು ಆ ಒಂದೇ ಪುಸ್ತಕದ ಕೊರತೆಯಲ್ಲ. ಗುಟ್ಟು ಒಡೆದರೆ ಏನಾದೀತು? ಗೆಳೆಯರು ನಕ್ಕಾರು. ಪಂದ್ಯ ಸೋತರೆ? ಮುಂದಿನ ವರ್ಷ ಮತ್ತೆ ಆಡಬಹುದು. ಮೋಸಹೋದ ತರಬೇತುದಾರ ಏನೆನ್ನುತ್ತಾನೆ? ನನಗೆ ಮೊದಲೇ ಗೊತ್ತಿತ್ತು ಎಂದು ಮುಗುಳ್ನಗುತ್ತಾನೆ. ಮುನ್ನೂರು ಪುಟಗಳ ಉದ್ದಕ್ಕೂ ಇಬ್ಬರು ಊರಿಗೆಲ್ಲ ಸುಳ್ಳು ಹೇಳಿದರು. ಒಬ್ಬನಿಗಾದರೂ ಒಂದು ದಿನದ ಊಟ ಸೇರದೆ ಹೋಗಲಿಲ್ಲ.

ಈಗ ಪುಸ್ತಕದ ಪರವಾದ ವಾದವನ್ನು ಕೇಳಬೇಕು. ಅದು ಬಲವಾದ ವಾದವೇ. ದಿನವಿಡೀ ದುಡಿದು, ನೋಯ್ಡಾದಿಂದ ದ್ವಾರಕಾದವರೆಗೆ ಮೆಟ್ರೋದಲ್ಲಿ ನಿಂತೇ ಬರುವ ಹುಡುಗಿಗೆ ಇನ್ನೊಂದು ಕಣ್ಣೀರಿನ ಕಥೆ ಏಕೆ ಬೇಕು? ಯಾರಿಗೂ ಏನೂ ಆಗುವುದಿಲ್ಲ ಎಂಬ ಭರವಸೆಯೇ ಅವಳಿಗೆ ಬೇಕಾದ ವಿಶ್ರಾಂತಿ. ಹಗುರ ಸಾಹಿತ್ಯವನ್ನು ಹಳಿಯುವವರು ಒಂದು ಮಾತು ನೆನಪಿನಲ್ಲಿಡಬೇಕು. ಕನ್ನಡದಲ್ಲಿ ಓದುವ ಹವ್ಯಾಸವನ್ನು ಬೆಳೆಸಿದ್ದರಲ್ಲಿ ಹಗುರ ಪುಸ್ತಕಗಳ ಪಾಲು ದೊಡ್ಡದು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿಯೇ ಓದು ಕಲಿತವರು ನಮ್ಮಲ್ಲಿ ಎಷ್ಟೋ ಮಂದಿ. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ ಮೊದಲಾದವರ ಕಾದಂಬರಿಗಳನ್ನು ಅಡುಗೆಮನೆ ಸಾಹಿತ್ಯವೆಂದು ಮೂಗು ಮುರಿದವರಿದ್ದರು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಈ ಊರಿಗೆ ಬಂದಿಳಿದ ಗೃಹಿಣಿಯರ ಪೆಟ್ಟಿಗೆಯಲ್ಲಿ ಹಪ್ಪಳ, ಸಂಡಿಗೆ, ಸಾರಿನ ಪುಡಿಗಳ ನಡುವೆ ಬೆಚ್ಚಗೆ ಕುಳಿತು ಬಂದವು ಅವೇ. ಹಿಂದಿಯ ನಡುವೆ ಒಂಟಿಯಾದ ಮಧ್ಯಾಹ್ನಗಳಲ್ಲಿ ಕನ್ನಡವನ್ನು ಮನೆಯೊಳಗೆ ಉಳಿಸಿದ್ದೂ ಅವೇ. ಆದ್ದರಿಂದ ಹಗುರವೆಂಬ ಕಾರಣಕ್ಕೆ ಯಾವ ಪುಸ್ತಕವನ್ನೂ ನಾವು ತಳ್ಳಿಹಾಕಲಾರೆವು.

ಆದರೆ ಹಗುರ ಬೇರೆ, ಟೊಳ್ಳು ಬೇರೆ. ಇವೆರಡಕ್ಕೂ ಇರುವ ಅಂತರವನ್ನು ಕೈಲಾಸಂ ಒಂದು ನಾಟಕದ ಹೆಸರಿನಲ್ಲೇ ಹೇಳಿಬಿಟ್ಟರು. ಅವರ ‘ಟೊಳ್ಳುಗಟ್ಟಿ’ಯಲ್ಲಿ ಮಾತೆಲ್ಲ ಹಗುರ, ನಗೆಯೆಲ್ಲ ಹಗುರ. ಆದರೆ ಪರೀಕ್ಷೆಯಲ್ಲಿ ಮೇಲೆ ಬಂದ ಮಗ ಗಟ್ಟಿಯೋ, ಮನೆಗೆ ಒದಗಿ ಬಂದ ಮಗ ಗಟ್ಟಿಯೋ ಎಂಬ ಪ್ರಶ್ನೆ ಆ ನಗೆಯ ಕೆಳಗೆ ಕುಳಿತಿದೆ. ಪ್ರೇಕ್ಷಕ ನಕ್ಕು ಮನೆಗೆ ಹೋಗುತ್ತಾನೆ. ಹೋಗಿ ತನ್ನ ಮಕ್ಕಳನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ. ಹಗುರವಾದ ತಿಂಡಿಗೂ ಉಪ್ಪು ಬೇಕು. ಮಂಡಕ್ಕಿಯಿಂದ ಹೊಟ್ಟೆ ತುಂಬಲಿಲ್ಲವೆಂಬುದು ನಮ್ಮ ದೂರಲ್ಲ. ಅದಕ್ಕೆ ಉಪ್ಪು ಬಿದ್ದಿಲ್ಲವೆಂಬುದು ನಮ್ಮ ದೂರು.

ಕಥೆಯಲ್ಲಿ ಆ ಉಪ್ಪು ಯಾವುದು? ಅದನ್ನು ಪಣ ಎಂದು ಕರೆಯೋಣ. ಕಳೆದುಕೊಳ್ಳಲು ಸಾಧ್ಯವಿರುವ ಏನನ್ನಾದರೂ ಮುಂದಿಡುವುದೇ ಪಣ. ಅದು ರಾಜ್ಯವೇ ಆಗಬೇಕಾಗಿಲ್ಲ, ಪ್ರಾಣವೇ ಆಗಬೇಕಾಗಿಲ್ಲ. ತೀರ ಸಣ್ಣದಾದರೂ ಸಾಕು, ಆದರೆ ಕಳೆದುಹೋಗಬಲ್ಲದ್ದಾಗಿರಬೇಕು. ಸಣ್ಣ ಪಣವೂ ನಿಜವಾದ ಪಣವಾಗಬಲ್ಲದು ಎಂಬುದಕ್ಕೆ ಆಟಕ್ಕಿಂತ ಉತ್ತಮ ಸಾಕ್ಷಿ ಬೇಕಿಲ್ಲ. ಆಟದಲ್ಲಿ ಸೋತರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಆದರೂ ಸೋಲು ಸೋಲೇ.

ದೆಹಲಿಯ ಹಳೆಯ ಕನ್ನಡಿಗರಿಗೆ 1982ರ ಮಾರ್ಚ್ ತಿಂಗಳನ್ನು ನೆನಪಿಸಿದರೆ ಈ ಮಾತು ವಿವರಿಸಬೇಕಾಗುವುದಿಲ್ಲ. ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ರಣಜಿ ಟ್ರೋಫಿಯ ಫೈನಲ್. ಎದುರುಬದುರಾಗಿ ಕರ್ನಾಟಕ ಮತ್ತು ದೆಹಲಿ. ಹುಟ್ಟಿದ ನಾಡು ಒಂದು ಕಡೆ, ಅನ್ನ ಕೊಟ್ಟ ಊರು ಇನ್ನೊಂದು ಕಡೆ. ಕರ್ನಾಟಕ ಮೊದಲ ಇನಿಂಗ್ಸಿನಲ್ಲಿ 705 ರನ್ ಗಳಿಸಿತು. ಅಷ್ಟು ಮೊತ್ತ ಮಾಡಿದ ತಂಡ ಸೋಲುವುದುಂಟೆ? ದೆಹಲಿಯ 8 ವಿಕೆಟ್‌ಗಳು 589ಕ್ಕೆ ಬಿದ್ದಾಗ ಟ್ರೋಫಿ ಬೆಂಗಳೂರಿನ ರೈಲು ಹತ್ತಿದಂತೆಯೇ ಇತ್ತು. ಆಗ ಕೆಳ ಕ್ರಮಾಂಕದ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಜೊತೆಯಾಗಿ ನಿಂತು, ಮುರಿಯದ ಒಂಬತ್ತನೆಯ ವಿಕೆಟ್ಟಿಗೆ 118 ರನ್ ಸೇರಿಸಿ ಮೊತ್ತವನ್ನು 707ಕ್ಕೆ ಒಯ್ದರು. ಮೊದಲ ಇನಿಂಗ್ಸಿನ ಮುನ್ನಡೆಯ ಮೇಲೆ ಟ್ರೋಫಿ ದೆಹಲಿಯ ಪಾಲಾಯಿತು. ಮರುವರ್ಷವೇ ಕರ್ನಾಟಕ ಮುಂಬಯಿಯನ್ನು ಫೈನಲಿನಲ್ಲಿ ಹಿಂದಿಕ್ಕಿ ಟ್ರೋಫಿ ಗೆದ್ದಿತು. ಆದರೂ ಹಿಂದಿನ ವರ್ಷದ ಆ ಎರಡು ರನ್ನುಗಳು ಅಳಿಸಿಹೋಗಲಿಲ್ಲ. ನಿಜವಾದ ಆಟದ ಗುಣವೇ ಇದು. ಅಲ್ಲಿ ಮುಂದಿನ ಗೆಲುವು ಹಿಂದಿನ ಸೋಲಿಗೆ ಸಮಾಧಾನ ಹೇಳಬಹುದೇ ಹೊರತು ಅದನ್ನು ಆಗಲೇ ಇಲ್ಲವೆನ್ನಿಸಲಾರದು. ಪಣ ಸಣ್ಣದು, ಆದರೆ ಕಳೆದದ್ದು ಕಳೆದೇ ಹೋಯಿತು. ಆಟದ ಕಥೆ ಹೇಳುತ್ತೇನೆಂದು ಹೊರಟ ಕಾದಂಬರಿಯಲ್ಲಿ ನಾವು ನಿರೀಕ್ಷಿಸಿದ್ದು ಇಷ್ಟನ್ನೇ.

ಇನ್ನು ಸೋಗಿನ ವಿಷಯ. ಇಲ್ಲದ್ದನ್ನು ಉಂಟೆಂದು ತೋರಿಸುವುದು ಯಾವಾಗಲೂ ತಪ್ಪೇ? ಹಾಗೆನ್ನಲು ನಮ್ಮ ಪರಂಪರೆಯೇ ಬಿಡುವುದಿಲ್ಲ. ಸುಭದ್ರೆಗಾಗಿ ಕಪಟ ಸನ್ಯಾಸಿಯ ವೇಷ ತೊಟ್ಟು ದ್ವಾರಕೆಗೆ ಬಂದ ಅರ್ಜುನನ ಕಥೆಯನ್ನು ಯಕ್ಷಗಾನ, ಹರಿಕಥೆಗಳಲ್ಲಿ ಕೇಳಿ ನಗದವರು ಯಾರು? ತಂಗಿಯನ್ನು ದುರ್ಯೋಧನನಿಗೆ ಕೊಡಬೇಕೆಂದಿದ್ದ ಬಲರಾಮ, ಯತಿಯ ಸೇವೆಗೆ ಅದೇ ತಂಗಿಯನ್ನು ತಾನೇ ನೇಮಿಸುತ್ತಾನೆ. ರಾತ್ರಿಯೆಲ್ಲ ನಗೆಯೇ. ಆದರೆ ಆ ನಗೆಯ ಲೆಕ್ಕವನ್ನು ಕಥೆ ಕೊನೆಗೆ ಚುಕ್ತಾ ಮಾಡುತ್ತದೆ. ಗುಟ್ಟು ಒಡೆದಾಗ ಬಲರಾಮ ಕೆರಳುತ್ತಾನೆ. ಯಾದವರಿಗೂ ಪಾಂಡವರಿಗೂ ಯುದ್ಧವೇ ಆದೀತೆನ್ನುವ ಹಂತ ಬರುತ್ತದೆ. ಅವನನ್ನು ಸಮಾಧಾನಪಡಿಸಲು ಕೃಷ್ಣನ ಜಾಣತನವೆಲ್ಲ ಬೇಕಾಗುತ್ತದೆ. ತನ್ನ ನಂಬಿಕೆಯನ್ನು ಹೀಗೆ ಬಳಸಿಕೊಂಡರಲ್ಲ ಎಂಬ ಆ ಅಣ್ಣನ ನೋವನ್ನು ಕಥೆ ಮರೆಮಾಡುವುದಿಲ್ಲ. ಸೋಗಿಗೆ ಬೆಲೆಯಿದೆ, ಯಾರೋ ಅದನ್ನು ತೆರುತ್ತಾರೆ ಎಂಬುದು ಆ ಹಳೆಯ ಕಥೆಗಾರರಿಗೆ ಗೊತ್ತಿತ್ತು.

ಯಾರು ತೆರುತ್ತಾರೆ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಇದಕ್ಕೆ ದೆಹಲಿಯೇ ಎರಡು ನಿದರ್ಶನಗಳನ್ನು ಕೊಟ್ಟಿದೆ. ಎರಡೂ ಕ್ರಿಕೆಟ್ಟಿನವು, ನಡುವೆ ಇರುವುದು ಹದಿನಾಲ್ಕು ತಿಂಗಳು.

ಮೊದಲನೆಯದು 1999ರ ಫೆಬ್ರವರಿ 7ರಂದು, ಅದೇ ಕೋಟ್ಲಾ ಮೈದಾನದಲ್ಲಿ. ಪಾಕಿಸ್ತಾನದ ಎರಡನೆಯ ಇನಿಂಗ್ಸಿನಲ್ಲಿ ಅನಿಲ್ ಕುಂಬ್ಳೆಗೆ ಒಂಬತ್ತು ವಿಕೆಟ್‌ಗಳು ಸಿಕ್ಕಿದ್ದವು. ಒಂದೇ ಇನಿಂಗ್ಸಿನ ಹತ್ತಕ್ಕೆ ಹತ್ತೂ ವಿಕೆಟ್ ಪಡೆದವರು ಟೆಸ್ಟ್ ಇತಿಹಾಸದಲ್ಲಿ ಅದುವರೆಗೆ 1956ರ ಜಿಮ್ ಲೇಕರ್ ಒಬ್ಬರೇ. ಇನ್ನೊಂದು ತುದಿಯಿಂದ ಬೌಲ್ ಮಾಡುತ್ತಿದ್ದವರು ಮತ್ತೊಬ್ಬ ಕನ್ನಡಿಗ, ಜಾವಗಲ್ ಶ್ರೀನಾಥ್. ಕೊನೆಯ ವಿಕೆಟ್ ತಮಗೆ ಬೀಳಬಾರದೆಂದು ಅವರು ಚೆಂಡನ್ನು ಆಫ್ ಸ್ಟಂಪಿನಿಂದ ಬಹುದೂರ ಎಸೆಯುತ್ತ ಬಂದರು. ವಾಸಿಂ ಅಕ್ರಂ ಕುಂಬ್ಳೆಯ ಎಸೆತದಲ್ಲಿ ಲಕ್ಷ್ಮಣ್ ಕೈಗೆ ಕ್ಯಾಚಿತ್ತರು. 74 ರನ್ನಿಗೆ 10 ವಿಕೆಟ್ ಎಂಬ ದಾಖಲೆ ಬರೆಯಲ್ಪಟ್ಟಿತು. ಶ್ರೀನಾಥ್ ಮಾಡಿದ್ದು ಒಂದು ಬಗೆಯ ಸೋಗೇ ಅಲ್ಲವೆ? ವಿಕೆಟ್ ಬೇಡವಾದ ಬೌಲರ್ ವಿಕೆಟ್ಟಿಗಾಗಿ ಓಡಿ ಬರುವಂತೆ ಕಾಣಿಸಿಕೊಳ್ಳುವುದು. ನಿಷ್ಠುರವಾಗಿ ನೋಡುವವರು ಅದನ್ನೂ ಆಟಕ್ಕೆ ಮಾಡಿದ ಕುಂದು ಎನ್ನಬಹುದು. ಆ ಮಾತನ್ನು ನಾವು ತೆಗೆದುಹಾಕುವುದಿಲ್ಲ. ಆದರೆ ಅದರ ಬೆಲೆ ತೆತ್ತವರು ಯಾರು? ಸ್ವತಃ ಶ್ರೀನಾಥ್. ವೇಗದ ಬೌಲರನ ಹೆಮ್ಮೆಯನ್ನು, ಸಿಗಬಹುದಾಗಿದ್ದ ಒಂದು ವಿಕೆಟ್ಟನ್ನು ತಮ್ಮ ಕಿಸೆಯಿಂದಲೇ ತೆಗೆದುಕೊಟ್ಟರು. ಗುಟ್ಟೂ ಇರಲಿಲ್ಲ, ಮೈದಾನಕ್ಕೆಲ್ಲ ಅದು ಕಾಣುತ್ತಿತ್ತು.

ಎರಡನೆಯದು 2000ದ ಏಪ್ರಿಲ್ 7ರಂದು. ಭಾರತಕ್ಕೆ ಬಂದು ಆಡಿ ಹೋಗಿದ್ದ ದಕ್ಷಿಣ ಆಫ್ರಿಕಾ ತಂಡದ ನಾಯಕ ಹ್ಯಾನ್ಸಿ ಕ್ರೋನಿಯೆ ಜೂಜುಕೋರರೊಡನೆ ವ್ಯವಹರಿಸಿದ್ದನೆಂಬ ಆರೋಪವನ್ನು ದೆಹಲಿ ಪೊಲೀಸರು ಹೊರಗೆಡಹಿದರು. ಮೊದಲು ನಿರಾಕರಿಸಿದ ಕ್ರೋನಿಯೆ ನಾಲ್ಕೇ ದಿನಗಳಲ್ಲಿ ತಾನು ಪೂರ್ತಿ ಪ್ರಾಮಾಣಿಕನಾಗಿರಲಿಲ್ಲವೆಂದು ಒಪ್ಪಿಕೊಂಡ. ನಾಯಕತ್ವ ಹೋಯಿತು, ಅದೇ ವರ್ಷ ಆಜೀವ ನಿಷೇಧ ಬಂತು. 2002ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಅವನಿಗೆ 32 ವರ್ಷ. ಅವನು ತೆತ್ತ ಬೆಲೆ ದೊಡ್ಡದೇ. ಆದರೆ ಹೆಚ್ಚಿನ ಬೆಲೆ ತೆತ್ತವರು ನೋಡಿದ ಜನ. ಬಿಸಿಲಿನಲ್ಲಿ ಸಾಲುಗಟ್ಟಿ ಟಿಕೆಟ್ ಕೊಂಡವರು, ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿದವರು, ಶಾಲೆ ತಪ್ಪಿಸಿದ ಹುಡುಗರು, ಎಲ್ಲರೂ ಒಮ್ಮೆಲೇ ಹಿಂದಿರುಗಿ ನೋಡಿ, ಅಂದು ನಾವು ಕೂಗಿ ಕುಣಿದದ್ದು ನಿಜವಾದ ಆಟಕ್ಕೋ ನಾಟಕಕ್ಕೋ ಎಂದು ಕೇಳಿಕೊಳ್ಳಬೇಕಾಯಿತು. ಕಳೆದ ಹಣ ಮರಳಿ ಬಂದೀತು, ಕಳೆದ ಸಂತೋಷದ ಮೇಲೆ ಬಿದ್ದ ಅನುಮಾನ ಮರಳಿ ಹೋಗದು.

ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಅಳತೆಗೋಲು ಕೈಗೆ ಸಿಗುತ್ತದೆ. ಸೋಗು ಹಾಕಿದವನೇ ಅದರ ಬೆಲೆ ತೆತ್ತರೆ ಅದು ಔದಾರ್ಯವಾಗಬಹುದು. ನಂಬಿದವನ ಮೇಲೆ ಆ ಬೆಲೆಯನ್ನು ಹೊರಿಸಿದರೆ ಅದು ದ್ರೋಹ. ಮೂರನೆಯದೊಂದು ಇದೆ: ಯಾರೂ ಏನನ್ನೂ ತೆರದ ಸೋಗು. ಜೀವನದಲ್ಲಿ ಅಂಥದು ಇಲ್ಲ. ಅದು ಇರುವುದು ನಮಗೆ ನಿರಾಶೆ ತಂದಂಥ ಕಾದಂಬರಿಗಳಲ್ಲಿ ಮಾತ್ರ.

ನಮ್ಮ ಆಲಂಕಾರಿಕರು ರಸಾಭಾಸವೆಂಬ ಒಂದು ಮಾತನ್ನು ಬಳಸಿದ್ದಾರೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದವರಿಗೆ ಇದು ಪರಿಚಿತ. ಸೀತೆಯ ಮೇಲೆ ರಾವಣನಿಗಿದ್ದ ರತಿ ಶೃಂಗಾರದಂತೆ ಕಾಣುತ್ತದೆ, ಶೃಂಗಾರವಲ್ಲ. ಕಪ್ಪೆಚಿಪ್ಪು ಬೆಳ್ಳಿಯಂತೆ ಹೊಳೆಯುವ ಹಾಗೆ. ಹೊಳಪನ್ನು ಕಂಡು ಕೈ ಚಾಚುವುದು ತಪ್ಪಲ್ಲ, ಎತ್ತಿ ನೋಡಿದಾಗಲೇ ತೂಕ ತಿಳಿಯುವುದು. ಹಗುರ ಕಾದಂಬರಿಯಲ್ಲೂ ಆ ತೂಕ ಇರಬಲ್ಲದೆಂಬುದಕ್ಕೆ ತ್ರಿವೇಣಿಯವರ ‘ಬೆಳ್ಳಿ ಮೋಡ’ವೇ ಸಾಕು. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದದ್ದರಿಂದ ಓದದವರಿಗೂ ಕಥೆ ಗೊತ್ತು. ಕಾಫಿ ತೋಟದ ಒಬ್ಬಳೇ ಮಗಳು ಇಂದಿರಾ. ಅವಳ ತಂದೆಯ ಹಣದಿಂದ ಹೊರದೇಶದಲ್ಲಿ ಓದಿ ಬಂದ ಮೋಹನ. ಆಸ್ತಿಗೆ ಗಂಡುಮಗು ಹುಟ್ಟಿದೆಯೆಂದು ತಿಳಿದೊಡನೆ ಅವನ ಪ್ರೇಮ ಬಣ್ಣಗೆಡುತ್ತದೆ. ಮುಂದೆ ಅವನು ಗಾಯಗೊಂಡು ಮಲಗಿದಾಗ ಅವಳೇ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ಕರಗುತ್ತದೆ, ಈಗ ಅವನ ಒಲವು ನಿಜ. ನಮ್ಮ ಇಂದಿನ ಕಾದಂಬರಿಯಾದರೆ ಇಲ್ಲಿಗೆ ಓಲಗ ಊದಿಸಿಬಿಡುತ್ತಿತ್ತು. ಇಂದಿರಾ ಒಲ್ಲೆನೆನ್ನುತ್ತಾಳೆ. ಹುಸಿ ನಿಜವಾದ ಮಾತ್ರಕ್ಕೆ ಅದು ಹುಸಿಯಾಗಿದ್ದ ದಿನಗಳು ಅಳಿಸಿಹೋಗುವುದಿಲ್ಲ ಎಂಬುದೇ ಆ ನಿರಾಕರಣೆಯ ಅರ್ಥ. ಎಲ್ಲರೂ ಇಂದಿರೆಯಂತೆ ಒಲ್ಲೆನೆನ್ನಬೇಕೆಂದು ನಾವು ಹೇಳುವುದಿಲ್ಲ. ಕ್ಷಮಿಸುವವರೂ ಇರಲಿ, ಆದರೆ ಕ್ಷಮಿಸಬೇಕಾದದ್ದು ಏನೋ ಇತ್ತು ಎಂಬುದನ್ನಾದರೂ ಕಥೆ ಒಪ್ಪಿಕೊಳ್ಳಲಿ.

ಇಲ್ಲಿಯವರೆಗೆ ಬಂದದ್ದು ಸಾಹಿತ್ಯದ ಮಾತು. ಇಷ್ಟೇ ಆಗಿದ್ದರೆ ಈ ಪುಟಗಳನ್ನು ತುಂಬಬೇಕಾಗಿರಲಿಲ್ಲ. ಈ ಪುಸ್ತಕಗಳನ್ನು ಓದುವ ನಮ್ಮ ಮಕ್ಕಳು ಬಾಳುತ್ತಿರುವ ಬಾಳು ಯಾವುದು ಎಂಬುದನ್ನು ನೋಡಿದಾಗ ನಿರಾಶೆ ಬೇರೆಯೇ ರೂಪ ತಾಳುತ್ತದೆ.

ಕಾದಂಬರಿಯಲ್ಲಿ ಪ್ರೀತಿಯಿಲ್ಲದವರು ಪ್ರೀತಿಸುವಂತೆ ನಟಿಸುತ್ತಾರೆ. ನಮ್ಮ ಮನೆಗಳಲ್ಲಿ ನಡೆಯುವುದು ಇದರ ತಿರುಗುಮುರುಗು. ಇಲ್ಲಿ ಪ್ರೀತಿಸುವವರು ಪ್ರೀತಿಯಿಲ್ಲದಂತೆ ನಟಿಸುತ್ತಾರೆ. ‘ಬರೀ ಫ್ರೆಂಡ್ ಅಮ್ಮ’ ಎಂಬ ಮಾತು ಕೇಳದ ಮನೆ ಯಾವುದು? ಫೋನಿನಲ್ಲಿ ಹುಡುಗನ ಹೆಸರು ಗೆಳತಿಯ ಹೆಸರಾಗಿರುತ್ತದೆ. ಅಮ್ಮನಿಗೆ ಗೊತ್ತಾಗಿರುತ್ತದೆ, ಗೊತ್ತಿಲ್ಲದಂತೆ ಅವಳೂ ನಟಿಸುತ್ತಾಳೆ. ಅಪ್ಪ ಧಾರವಾಡದ ಅಕ್ಕನಿಗೋ ಮೈಸೂರಿನ ಚಿಕ್ಕಪ್ಪನಿಗೋ ‘ಅವಳಿನ್ನೂ ಓದುತ್ತೇನೆ ಅಂತಿದ್ದಾಳೆ’ ಎಂದು ಹೇಳಿ ವಿಷಯ ತೇಲಿಸುತ್ತಾನೆ. ಜಾತಕ ಮಾತ್ರ ಊರೂರು ತಿರುಗುತ್ತಿರುತ್ತದೆ. ಒಂದು ಭಾನುವಾರ ಬೆಂಗಳೂರಿನಿಂದ ಹುಡುಗನ ಕಡೆಯವರು ಬಂದು ಕೂರುತ್ತಾರೆ. ಕೇಸರಿಭಾತು, ಉಪ್ಪಿಟ್ಟು, ಕಾಫಿ. ಒಲ್ಲೆನೆಂದು ಆಗಲೇ ತೀರ್ಮಾನಿಸಿರುವ ಹುಡುಗಿ ರೇಷ್ಮೆ ಸೀರೆಯುಟ್ಟು ಒಂದು ಗಂಟೆ ಮುಗುಳ್ನಗುತ್ತಾಳೆ. ಸೋಗಿನ ಪ್ರೇಮವೆಂದರೆ ಇದಲ್ಲದೆ ಇನ್ನಾವುದು? ಇದರ ಬೆಲೆ ತೆರುವವರು ಯಾರು? ರಜೆ ಹಾಕಿ, ಟಿಕೆಟ್ ಮಾಡಿಸಿ, ಆಸೆಯಿಟ್ಟುಕೊಂಡು ಬಂದ, ಏನೂ ತಿಳಿಯದ ಆ ಹುಡುಗ. ತೂಗಿ ನೋಡಿ ತಮ್ಮಲ್ಲೇ ಏನೋ ಕೊರತೆಯಿರಬೇಕೆಂದು ಹಿಂದಿರುಗುವ ಅವನ ತಂದೆತಾಯಿ. ಅವರು ಯಾರ ಕಥೆಯಲ್ಲೂ ಬರುವುದಿಲ್ಲ.

ನಾವಿರುವ ಈ ಪ್ರದೇಶದಲ್ಲಿ ಪ್ರೇಮ ಪಣವಿಲ್ಲದ ಆಟವೂ ಅಲ್ಲ. ಬೇರೆ ಜಾತಿ, ಬೇರೆ ಮತದವರನ್ನು ವರಿಸಿದ್ದಕ್ಕಾಗಿ ಸ್ವಂತ ಮನೆಯವರ ಕೈಯಲ್ಲೇ ಮಕ್ಕಳು ಪ್ರಾಣ ಕಳೆದುಕೊಂಡ ಸುದ್ದಿ ಸುತ್ತಲಿನ ಜಿಲ್ಲೆಗಳಿಂದ ಬರುತ್ತಲೇ ಇದೆ. ಪ್ರಾಯಕ್ಕೆ ಬಂದ ಇಬ್ಬರು ಮದುವೆಯಾಗಲು ಕುಟುಂಬದ ಅಥವಾ ಕುಲದ ಒಪ್ಪಿಗೆ ಬೇಕಿಲ್ಲವೆಂದು 2018ರ ಮಾರ್ಚಿನಲ್ಲಿ ಇದೇ ಊರಿನ ಸುಪ್ರೀಂ ಕೋರ್ಟು ಹೇಳಬೇಕಾಯಿತು. 1954ರ ವಿಶೇಷ ವಿವಾಹ ಕಾಯಿದೆಯಂತೆ ಮದುವೆಯಾಗಬೇಕೆಂದರೆ ಮೂವತ್ತು ದಿನದ ನೋಟೀಸು ಕೊಡಬೇಕು. ಆ ಮೂವತ್ತು ದಿನ ಆ ಇಬ್ಬರ ಎದೆ ಹೇಗೆ ಹೊಡೆದುಕೊಳ್ಳುತ್ತದೆಂಬುದು ಅನುಭವಿಸಿದವರಿಗೆ ಗೊತ್ತು. ನಮ್ಮ ಮನೆಗಳಲ್ಲಿ ಅಷ್ಟು ಕ್ರೌರ್ಯವಿಲ್ಲದಿರಬಹುದು. ಆದರೆ ಅಮ್ಮನ ಕಣ್ಣೀರು, ಅಪ್ಪನ ಮೌನ, ಅಜ್ಜಿಯ ಉಪವಾಸ ಇವೂ ಪಣಗಳೇ.

ಆದ್ದರಿಂದ ಮಕ್ಕಳಿಗೆ ಈ ಪುಸ್ತಕಗಳು ಏಕೆ ಹಿತವಾಗುತ್ತವೆ ಎಂಬುದು ಅರ್ಥವಾಗದ ಸಂಗತಿಯಲ್ಲ. ಗುಟ್ಟು ಬಯಲಾಗುತ್ತದೆ, ಯಾರೂ ಅಳುವುದಿಲ್ಲ, ಯಾರೂ ಊಟ ಬಿಡುವುದಿಲ್ಲ. ನಿಜ ಹೇಳುವುದಕ್ಕೆ ಬೆಲೆಯೇ ಇಲ್ಲದ ಒಂದು ಲೋಕ. ಆ ಕನಸನ್ನು ನಾವು ಗೇಲಿ ಮಾಡಲಾರೆವು. ಮನೆಯಲ್ಲಿ ನಿಜದ ಬೆಲೆ ಕೈಗೆಟುಕದಷ್ಟು ಏರಿದಾಗ ಅದು ಪುಕ್ಕಟೆ ಸಿಗುವ ಅಂಗಡಿಯನ್ನು ಮಕ್ಕಳು ಹುಡುಕಿಕೊಂಡು ಹೋಗುತ್ತಾರೆ. ಈ ಬೆಲೆಯೇರಿಕೆಯಲ್ಲಿ ಹಿರಿಯರ ಪಾಲು ಎಷ್ಟೆಂಬುದನ್ನು ಹಿರಿಯರೇ ಲೆಕ್ಕ ಹಾಕಬೇಕು.

ಆದರೆ ನಮ್ಮ ನಿರಾಶೆಯ ತಿರುಳೂ ಇಲ್ಲಿಯೇ ಇದೆ. ಆ ಹುಡುಗಿಗೆ ಬೇಕಾಗಿರುವುದು ಒಂದು ದೃಶ್ಯ. ನಿಜವನ್ನು ಬಾಯಿಬಿಟ್ಟು ಹೇಳುವ ದೃಶ್ಯ. ಕೇಳಿದವರಿಗೆ ನೋವಾಗುವ, ನೋವಾದರೂ ನಂಟು ಉಳಿಯುವ ದೃಶ್ಯ. ಅಂಥ ದೃಶ್ಯವನ್ನು ಪುಸ್ತಕದಲ್ಲಿ ಒಮ್ಮೆ ಓದಿದ್ದರೆ ಮನೆಯ ಊಟದ ಮೇಜಿನ ಮುಂದೆ ಅವಳ ನಾಲಿಗೆ ಸ್ವಲ್ಪ ಕಡಿಮೆ ಒಣಗೀತು. ಕಥೆಗಳು ಮನುಷ್ಯನಿಗೆ ಮಾಡುವ ದೊಡ್ಡ ಉಪಕಾರ ಇದೇ. ಇನ್ನೊಬ್ಬರ ಖರ್ಚಿನಲ್ಲಿ ಧೈರ್ಯದ ಅಭ್ಯಾಸ ಮಾಡಿಸುವುದು. ಸೋಗಿನ ಪ್ರೇಮದ ಕಥೆಗೆ ಇದಕ್ಕೆ ಬೇಕಾದ ಸಾಮಗ್ರಿಯೆಲ್ಲ ಕೈಯಲ್ಲೇ ಇದೆ: ಒಂದು ಸುಳ್ಳು, ಅದನ್ನು ನಂಬಿದವರು, ಅದು ಬಯಲಾಗುವ ದಿನ. ಆ ದಿನ ಬಂದಾಗ ಲೇಖಕಿ ತರಬೇತುದಾರನ ಮುಖಕ್ಕೆ ಮುಗುಳ್ನಗೆ ಅಂಟಿಸಿ ಮುಂದೆ ಹೋಗಿಬಿಡುತ್ತಾಳೆ. ಬಾಯಾರಿದವಳನ್ನು ಬಾವಿಯ ಕಟ್ಟೆಯವರೆಗೂ ಕರೆದೊಯ್ದು, ಬಾವಿಯ ಚಿತ್ರ ತೋರಿಸಿ ಕಳುಹಿಸಿದಂತೆ.

ಹಾಗಾದರೆ ಮಾಡಬೇಕಾದದ್ದೇನು? ಪುಸ್ತಕ ಕಿತ್ತುಕೊಳ್ಳುವುದಂತೂ ಅಲ್ಲ. ಕಿತ್ತುಕೊಂಡರೆ ಮಕ್ಕಳು ಪುಸ್ತಕವನ್ನೂ ಮುಚ್ಚಿಡಲು ಕಲಿಯುತ್ತಾರೆ; ಮನೆಯಲ್ಲಿ ಇನ್ನೊಂದು ಸೋಗು ಹೆಚ್ಚಾಗುತ್ತದೆ. ಅದಕ್ಕೆ ಬದಲು ನಾವೂ ಒಂದು ಓದಿ, ಮಗಳನ್ನೋ ಮಗನನ್ನೋ ಕೇಳಬಹುದು: ‘ಈ ಕಥೆಯಲ್ಲಿ ಆ ಸುಳ್ಳಿಗೆ ಬೆಲೆ ತೆತ್ತವರು ಯಾರಪ್ಪಾ?’ ಬಲರಾಮನ ಕಥೆಗೂ ಇದೇ ಪ್ರಶ್ನೆ, ಇಂದಿರೆಯ ಕಥೆಗೂ ಇದೇ ಪ್ರಶ್ನೆ. ಮಕ್ಕಳು ನಮಗಿಂತ ಚುರುಕು. ‘ನೀವು ನಮ್ಮನ್ನು ಹೆಣ್ಣು ತೋರಿಸಲು ಕೂರಿಸಿದಾಗ ಬೆಲೆ ತೆತ್ತವರು ಯಾರಮ್ಮಾ?’ ಎಂದು ತಿರುಗಿ ಕೇಳಿಯಾರು. ಕೇಳಲಿ. ಆ ಮಾತು ಆಡಿದ ದಿನ ಆ ಮನೆಯಲ್ಲಿ ಒಂದು ಹೊತ್ತಿನ ಊಟ ಸಪ್ಪೆಯಾಗಬಹುದು. ಅಷ್ಟು ತೆರಬೇಕಾದದ್ದೇ. ನಿಜದ ಬೆಲೆಯನ್ನು ಇಳಿಸುವುದು ಹಿರಿಯರ ಕೈಯಲ್ಲಿದೆ. ಅದಕ್ಕೆ ಬೆಲೆಯೇ ಇಲ್ಲವೆನ್ನುವುದು ಯಾರ ಕೈಯಲ್ಲೂ ಇಲ್ಲ.

ಮೊದಲಿನ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುತ್ತೇವೆ. ಹಗುರ ಪುಸ್ತಕದ ಬಗ್ಗೆ ನಿರಾಶೆಪಡುವ ಹಕ್ಕು ಓದುಗನಿಗೆ ಖಂಡಿತವಾಗಿ ಉಂಟು. ಏಕೆಂದರೆ ಏನನ್ನೂ ನಿರೀಕ್ಷಿಸದವರಿಂದ ನಮಗೆ ನಿರಾಶೆಯೂ ಆಗುವುದಿಲ್ಲ. ನಗಿಸುವ ಕಥೆಯೂ ನಿಜ ಹೇಳಬಲ್ಲದೆಂದು ನಂಬಿದವನು ಮಾತ್ರ ಅದು ಹೇಳದೆ ಹೋದಾಗ ನೊಂದುಕೊಳ್ಳುತ್ತಾನೆ. ಆ ನಂಬಿಕೆಯನ್ನು ಬಿಟ್ಟುಕೊಡಲು ನಾವು ಸಿದ್ಧರಿಲ್ಲ.